ಅಕ್ರೊಪಾಂಗ್ ಗುಡ್ಡದ ಸಭೆ: ಮಂಗಳೂರಿನಿಂದ ಘಾನಾಕ್ಕೆ

1828ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ನಾಲ್ವರು ಯುವಕರು ಪಶ್ಚಿಮ ಆಫ್ರಿಕಾದಲ್ಲಿ, ಈಗಿನ ಘಾನಾದ ತೀರದಲ್ಲಿ, ಹಡಗು ಇಳಿದರು. ಆಗ ಆ ಜಾಗಕ್ಕೆ ಕ್ರಿಶ್ಚಿಯನ್ಸ್‌ಬೋರ್ಗ್ ಅಂತ ಹೆಸರು, ಅಲ್ಲಿ ಡೆನ್ಮಾರ್ಕಿನವರ ಕೋಟೆ ಇತ್ತು. ಒಂದು ವರ್ಷ ತುಂಬುವ ಮೊದಲೇ ಅವರಲ್ಲಿ ಮೂವರು ತೀರಿಕೊಂಡರು. ನಾಲ್ಕನೆಯವರು 1831ರಲ್ಲಿ ತೀರಿಕೊಂಡರು. ಅದೇ ಮಿಷನ್ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತು. ಅವರು ಉಳಿದರು. ಶಾಲೆ ಬಂತು, ಪ್ರೆಸ್ ಬಂತು, ನೇಯ್ಗೆ ಬಂತು, ಹೆಂಚಿನ ಕಾರ್ಖಾನೆ ಬಂತು. ನಮ್ಮ ಸಭೆಯೂ, ಅಂದರೆ ನಮ್ಮ ಚರ್ಚಿನ ಸಮುದಾಯವೂ, ಬಂತು.

ಹೀಗಾಗಿ ಘಾನಾದ ಪ್ರೆಸ್ಬಿಟೇರಿಯನ್ ಸಭೆಯವರು ನಮಗೆ ಹೊರಗಿನವರಲ್ಲ. ಅವರ ಹಿರಿಯರಿಗೆ ಸುವಾರ್ತೆ ತಂದ ಮಿಷನ್ನೇ ನಮ್ಮ ಹಿರಿಯರಿಗೂ ತಂದದ್ದು. ಅಲ್ಲಿನ ಒಂದು ಹಳ್ಳಿ ಸಭೆಯ ಜೊತೆ ಸ್ವಲ್ಪ ದಿನ ಇದ್ದು ಸೇವೆ ಮಾಡೋಣ ಅಂತ ನಮ್ಮ ಸಭೆಯಿಂದ ಒಂದು ಸಣ್ಣ ಗುಂಪು ಹೊರಟಿತು. ನಮ್ಮ ಅಯ್ಯನವರು ಅಂದರೆ ಪಾದ್ರಿಗಳು, ಒಬ್ಬರು ನಿವೃತ್ತ ಟೀಚರ್, ಪೇಂಟಿಂಗ್ ಕೆಲಸ ಗೊತ್ತಿರುವ ಒಬ್ಬ ಅಣ್ಣ, ಕಾಲೇಜು ಓದುವ ಹುಡುಗ ಹುಡುಗಿಯರು, ಮತ್ತೆ ನಾನು. ನಾನು ನರ್ಸ್.

ಬುಧವಾರ, ಅಕ್ರಾ

ಮಂಗಳೂರಿನಲ್ಲಿ ಆಗಸ್ಟ್ ತಿಂಗಳ ಮಳೆ ಸುರಿಯುತ್ತಿತ್ತು. ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಅಡಿಸ್ ಅಬಾಬಾ, ಅಲ್ಲಿಂದ ಅಕ್ರಾ. ಗಡಿಯಾರವನ್ನು ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಹೋಗುವವರಿಗೆ ಒಂದು ಮಾತು. ಹಳದಿ ಜ್ವರದ ಲಸಿಕೆಯ ಕಾರ್ಡ್ ಇಲ್ಲದೆ ಘಾನಾಕ್ಕೆ ಹೋಗುವ ಹಾಗಿಲ್ಲ. ವಾಪಸ್ ಬರುವಾಗ ನಮ್ಮ ದೇಶದಲ್ಲೂ ಅದನ್ನೇ ಕೇಳುತ್ತಾರೆ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಮಲೇರಿಯಾ ಮಾತ್ರೆಯನ್ನೂ ಡಾಕ್ಟರ್ ಹತ್ತಿರ ಕೇಳಿ ತೆಗೆದುಕೊಳ್ಳಿ.

ಸಂಜೆ ಓಸು ಎಂಬ ಕಡೆ ಕರೆದುಕೊಂಡು ಹೋದರು. ಹಳೆಯ ಕ್ರಿಶ್ಚಿಯನ್ಸ್‌ಬೋರ್ಗ್ ಅಂದರೆ ಇದೇ. ಕೋಟೆ ಈಗಲೂ ಕಡಲಿಗೆ ಮುಖ ಮಾಡಿ ಬೆಳ್ಳಗೆ ನಿಂತಿದೆ. ಆ ನಾಲ್ವರು ಇಳಿದದ್ದು ಇಲ್ಲಿಯೇ. ಸತ್ತದ್ದೂ ಈ ತೀರದಲ್ಲಿಯೇ. ಮತ್ತೆ 1832ರಲ್ಲಿ ಇನ್ನೂ ಮೂವರು ಬಂದರು. ಅವರಲ್ಲಿ ಒಬ್ಬರು ಡಾಕ್ಟರ್. ಬಂದ ಕೆಲವೇ ವಾರಗಳಲ್ಲಿ ಆ ಡಾಕ್ಟರೇ ಮೊದಲು ತೀರಿಕೊಂಡರು. ಕೊನೆಗೆ ಉಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರಿಗೂ ವಿಪರೀತ ಜ್ವರ ಬಂದಿತ್ತು, ಸ್ಥಳೀಯ ನಾಟಿ ವೈದ್ಯರೊಬ್ಬರ ಮದ್ದಿನಿಂದ ಬದುಕಿದರು ಅಂತ ಇಲ್ಲಿಯ ಸಭೆಯವರು ಹೇಳುತ್ತಾರೆ.

ನರ್ಸ್ ಆಗಿ ನನಗೆ ಈ ಕಥೆ ತುಂಬಾ ದೊಡ್ಡದು. ಸುವಾರ್ತೆ ತಂದವನ ಜೀವ ಉಳಿಸಿದ್ದು ಸುವಾರ್ತೆ ಇನ್ನೂ ಕೇಳದ ಒಬ್ಬ ಮನುಷ್ಯ. ಯೇಸು ಸ್ವಾಮಿ ಶಿಷ್ಯರನ್ನು ಊರೂರಿಗೆ ಕಳಿಸುವಾಗ ಚೀಲ ಬೇಡ, ಹಣ ಬೇಡ, ಜನ ಕೊಟ್ಟದ್ದನ್ನು ಊಟ ಮಾಡಿ ಅಂದರು. ಹೋಗುವವನು ಬರಿಗೈಯಲ್ಲಿ ಹೋಗಬೇಕು, ಆ ಊರಿನವರ ಕೈಯಿಂದ ಪಡೆಯಬೇಕು. ರೀಸ್ ಬದುಕಿದ್ದು ಹಾಗೆಯೇ.

ಇನ್ನೊಂದನ್ನೂ ಹೇಳಬೇಕು. ಮಕ್ಕಳಿಗೆ ಮಲೇರಿಯಾ ಬರದ ಹಾಗೆ ಕೊಡುವ ಆರ್‌21 ಲಸಿಕೆಗೆ ಜಗತ್ತಿನಲ್ಲೇ ಮೊದಲು ಒಪ್ಪಿಗೆ ಕೊಟ್ಟ ದೇಶ ಘಾನಾ, 2023ರ ಏಪ್ರಿಲ್‌ನಲ್ಲಿ. ಅದನ್ನು ತಯಾರಿಸುವುದು ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ಕೋಟೆಯ ಮುಂದೆ ನಿಂತು ಅದನ್ನು ನೆನೆದು ದೇವರಿಗೆ ಸ್ತೋತ್ರ ಹೇಳಿದೆ.

ಗುರುವಾರ, ಅಕ್ರೊಪಾಂಗ್

ಅಕ್ರಾ ಬಿಟ್ಟು ಉತ್ತರಕ್ಕೆ ಹೊರಟರೆ ಬೇಗನೇ ಗುಡ್ಡ ಶುರುವಾಗುತ್ತದೆ. ಅಕ್ವಾಪಿಮ್ ಗುಡ್ಡಸಾಲು ಅಂತ ಹೆಸರು. ಆಬುರಿ ದಾಟಿ, ಮಾಂಪಾಂಗ್ ದಾಟಿ ಅಕ್ರೊಪಾಂಗ್. ಕೆಳಗಿನ ಸೆಕೆ ಇಲ್ಲಿ ಇಲ್ಲ, ತಣ್ಣನೆ ಗಾಳಿ ಬೀಸುತ್ತದೆ. ರೀಸ್ 1835ರಲ್ಲಿ ಕಡಲ ತೀರ ಬಿಟ್ಟು ಇಲ್ಲಿಗೆ ಬಂದದ್ದಕ್ಕೆ ಈ ಹವೆಯೂ ಒಂದು ಕಾರಣ.

ಸಭೆಯ ಹಿರಿಯರು ಅರ್ಧ ಚಂದ್ರಾಕಾರದಲ್ಲಿ ಕುರ್ಚಿ ಹಾಕಿ ಕೂತಿದ್ದರು. ನಾವು ಬಲಗಡೆಯಿಂದ ಶುರು ಮಾಡಿ ಒಬ್ಬೊಬ್ಬರಿಗೂ ಕೈ ಕೊಟ್ಟು ಎದುರಿನ ಕುರ್ಚಿಗಳಲ್ಲಿ ಕೂತೆವು. ಎಡಗೈ ಮುಂದೆ ಮಾಡುವ ಹಾಗಿಲ್ಲ, ಈ ವಿಷಯದಲ್ಲಿ ಅವರೂ ನಮ್ಮ ಹಾಗೆಯೇ. ಆಮೇಲೆ ನೀರು ಬಂತು. ಎಲ್ಲರೂ ಕುಡಿದು ಆಗುವವರೆಗೆ ಯಾರೂ ಏನೂ ಕೇಳಲಿಲ್ಲ. ಲೋಟ ಕೆಳಗಿಟ್ಟ ಮೇಲೆ ಅವರ ಪರವಾಗಿ ಮಾತಾಡುವ ಒಬ್ಬ ಹಿರಿಯರು ಎದ್ದರು. ಇಲ್ಲಿ ಎಲ್ಲವೂ ಕ್ಷೇಮ, ನೀವು ಬಂದ ಕಾರಣ ಏನು ಅಂತ ಕೇಳಿದರು.

ನಾವು ಬರುತ್ತೇವೆ ಅಂತ ತಿಂಗಳುಗಳಿಂದ ಪತ್ರ, ಫೋನ್ ನಡೆದಿತ್ತು. ಕಾರಣ ಅವರಿಗೆ ಚೆನ್ನಾಗಿ ಗೊತ್ತು. ಆದರೂ ಕೇಳಬೇಕು, ಅತಿಥಿ ಹೇಳಬೇಕು. ಅದು ಅಲ್ಲಿಯ ಕ್ರಮ. ನಮ್ಮ ಅಯ್ಯನವರು ಎದ್ದು ನಿಂತರು. "ನಿಮ್ಮ ಜೊತೆ ಪ್ರಾರ್ಥನೆ ಮಾಡಲು ಬಂದೆವು, ನಿಮ್ಮಿಂದ ಕಲಿಯಲು ಬಂದೆವು, ಕೈಲಾದ ಕೆಲಸ ಮಾಡಲು ಬಂದೆವು" ಅಂತ ಹೇಳಿ ಕೂತರು. ಅಷ್ಟೇ. ಭಾಷಣ ಇಲ್ಲ. ನನಗೆ ಈ ಕ್ರಮ ತುಂಬಾ ಹಿಡಿಸಿತು. ಒಂದು ಊರಿಗೆ ಹೋದಾಗ ಯಾಕೆ ಬಂದೆವು ಅಂತ ಆ ಊರಿನವರ ಮುಂದೆ ಬಾಯಿ ಬಿಟ್ಟು ಹೇಳಬೇಕಾಗಿ ಬಂದರೆ ಉದ್ದೇಶವೂ ನೆಟ್ಟಗಿರುತ್ತದೆ, ಅಲ್ವಾ?

ಮಧ್ಯಾಹ್ನ ಸೇಲಂ ಎಂಬ ಕೇರಿ ನೋಡಿದೆವು. ಮಿಷನ್ನಿನವರು ಹೊಸ ವಿಶ್ವಾಸಿಗಳಿಗಾಗಿ ಕಟ್ಟಿದ ಕೇರಿ. ಕಲ್ಲಿನ ಗೋಡೆ, ಮರದ ಬಾಗಿಲು, ಸಾಲು ಮನೆಗಳು. ಮಂಗಳೂರಿನ ಬಲ್ಮಠ, ಜೆಪ್ಪು ಕಡೆಯ ಹಳೆಯ ಮಿಷನ್ ಕಟ್ಟಡ ನೋಡಿದವರಿಗೆ ಇದು ಪರಿಚಿತ ಅನಿಸುತ್ತದೆ. ಆ ಕೇರಿಯಲ್ಲಿ ನಿಂತು ಅಲ್ಲಿನ ಪಾಸ್ಟರ್ ಹೇಳಿದ ಕಥೆಯೇ ನಮ್ಮ ಇಡೀ ಪ್ರವಾಸದ ತಿರುಳು. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರೀಸ್ ಇಲ್ಲಿ ಮನೆ ಕಟ್ಟಿದರು, ಭಾಷೆ ಕಲಿತರು. ಜನ ಅವರನ್ನು ಪ್ರೀತಿಯಿಂದ ಕಂಡರು, ಮನೆ ಕಟ್ಟುವವನು ಅಂತ ಹೆಸರಿಟ್ಟರು. ಆದರೆ 1840ರಲ್ಲಿ ಯುರೋಪಿಗೆ ವಾಪಸ್ ಹೊರಡುವಾಗ ದೀಕ್ಷಾಸ್ನಾನ ತೆಗೆದುಕೊಂಡವರು ಒಬ್ಬರೂ ಇರಲಿಲ್ಲ. ಹೊರಡುವ ಮೊದಲು ಇಲ್ಲಿನ ಅರಸ ಅದ್ದೊ ದಂಕ್ವಾ ಒಂದು ಮಾತು ಹೇಳಿದರಂತೆ. ದೇವರು ಲೋಕ ಸೃಷ್ಟಿಸಿದಾಗ ಬಿಳಿಯರಿಗೆ ಪುಸ್ತಕ ಕೊಟ್ಟ, ನಮಗೆ ನಮ್ಮ ದಾರಿ ಕೊಟ್ಟ. ಆ ಪುಸ್ತಕ ಓದುವ ಕಪ್ಪು ಜನರನ್ನು ತೋರಿಸಿ, ಆಗ ನಿಮ್ಮ ಹಿಂದೆ ಬರುತ್ತೇವೆ.

ಬಾಸೆಲಿನವರು ಈ ಮಾತನ್ನು ತಳ್ಳಿಹಾಕಲಿಲ್ಲ. ಜಮೈಕಾದಲ್ಲಿ ಗುಲಾಮಗಿರಿ ಪೂರ್ತಿ ಕೊನೆಯಾದದ್ದು 1838ರಲ್ಲಿ. ಅಲ್ಲಿನ ಮೊರಾವಿಯನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಸಭೆಗಳಲ್ಲಿ ಆಫ್ರಿಕಾ ಮೂಲದ ವಿಶ್ವಾಸಿಗಳಿದ್ದರು. ರೀಸ್ ಅಲ್ಲಿಗೆ ಹೋಗಿ ಯಾರು ಬರುತ್ತೀರಿ ಅಂತ ಕೇಳಿದರು. ಜಮೈಕಾದಿಂದಲೂ ಆಂಟಿಗುವಾದಿಂದಲೂ 24 ಜನ ಹೊರಟರು. ಗಂಡ ಹೆಂಡತಿ ಮಕ್ಕಳ ಸಮೇತ ಹೊರಟ ಮನೆಗಳೂ ಇದ್ದವು. 1843ರ ಏಪ್ರಿಲ್‌ನಲ್ಲಿ, ಈಸ್ಟರ್ ಮುಗಿದ ಮರುದಿನ, ಓಸು ತೀರದಲ್ಲಿ ಇಳಿದರು. ಆಮೇಲೆ ಈ ಗುಡ್ಡ ಹತ್ತಿ ಬಂದರು. ಸಭೆ ಬೇರು ಬಿಟ್ಟದ್ದು ಆಗ.

ಬರುವಾಗ ಅವರು ಸಸಿಗಳನ್ನೂ ತಂದಿದ್ದರು. ಅದರಲ್ಲಿ ಮಾವು ಒಂದು. ಮಾವು ನಮ್ಮ ನೆಲದ ಮರ. ಸಮುದ್ರ ದಾಟಿ ಜಮೈಕಾಕ್ಕೆ ಹೋಗಿ, ಅಲ್ಲಿಂದ ಇವರ ಕೈಯಲ್ಲಿ ಈ ಗುಡ್ಡಕ್ಕೆ ಬಂತು.

ಅವರಲ್ಲಿ ಒಬ್ಬ ಹೆಣ್ಣುಮಗಳ ಕಥೆ ಕೇಳಿ ನಮ್ಮ ಟೀಚರ್ ಅತ್ತೇಬಿಟ್ಟರು. ಕ್ಯಾಥರೀನ್ ಮಲ್‌ಗ್ರೇವ್. ಹುಟ್ಟಿದ್ದು ಅಂಗೋಲಾದಲ್ಲಿ. ಚಿಕ್ಕ ಹುಡುಗಿಯಾಗಿದ್ದಾಗ ಗುಲಾಮರ ವ್ಯಾಪಾರಿಗಳು ಹಿಡಿದು ಹಡಗಿಗೆ ಹಾಕಿದರು. ಆ ಹಡಗು ಜಮೈಕಾದ ಹತ್ತಿರ ಒಡೆಯಿತು. ಮಗು ಬದುಕಿತು, ಅಲ್ಲಿಯ ಗವರ್ನರ್ ಮನೆಯಲ್ಲಿ ಬೆಳೆಯಿತು, ಟೀಚರ್ ಟ್ರೇನಿಂಗ್ ಮಾಡಿತು. ಹದಿನಾರರ ಆಸುಪಾಸಿನ ವಯಸ್ಸಿನಲ್ಲಿ ಈ ಗುಂಪಿನ ಜೊತೆ ಆಫ್ರಿಕಾಕ್ಕೆ ಮರಳಿ ಓಸುವಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಟ್ಟಿತು. ತನ್ನನ್ನು ಯಾವ ಖಂಡದಿಂದ ಕದ್ದೊಯ್ದರೋ ಆ ಖಂಡಕ್ಕೇ, ಕದ್ದ ದಾರಿಯಲ್ಲೇ, ಕೊಡುವ ಕೈಯಾಗಿ ವಾಪಸ್ ಬಂದಳು.

ಶುಕ್ರವಾರ, ಗುಡ್ಡದ ಕೆಳಗಿನ ಹಳ್ಳಿ

ನಮ್ಮ ಕೆಲಸ ಇದ್ದದ್ದು ಅಕ್ರೊಪಾಂಗ್‌ನಿಂದ ಸ್ವಲ್ಪ ಕೆಳಗಿನ ಒಂದು ಹಳ್ಳಿಯಲ್ಲಿ. ಸಭೆ ನಡೆಸುವ ಶಾಲೆಯ ಮೂರು ಕೋಣೆಗೆ ಬಣ್ಣ ಹೊಡೆಯಬೇಕು. ರಜೆಯ ಸಮಯ, ಮಕ್ಕಳಿಲ್ಲ. ಬೆಳಗ್ಗೆ ನಾವು ಹೋಗುವಷ್ಟರಲ್ಲಿ ಊರಿನ ಯುವಕರು ಗೋಡೆ ಕೆರೆದು, ತೊಳೆದು, ಸುಣ್ಣದ ಕೋಟ್ ಕೊಟ್ಟು ಮುಗಿಸಿದ್ದರು. ಪೇಂಟ್ ಅಣ್ಣನಿಗೆ ತುಂಬಾ ಖುಷಿ. ಭಾಷೆ ಬರುವುದಿಲ್ಲ, ಆದರೂ ಅವರೂ ಅಲ್ಲಿಯ ಒಬ್ಬ ಪೇಂಟರೂ ಇಡೀ ದಿನ ರೋಲರ್ ಹಿಡಿದು ಜೊತೆಯಾಗಿ ಕೆಲಸ ಮಾಡಿದರು. ಮಧ್ಯೆ ಮಧ್ಯೆ ಒಬ್ಬರ ಗೋಡೆಯನ್ನು ಇನ್ನೊಬ್ಬರು ನೋಡಿ ತಲೆಯಾಡಿಸುತ್ತಿದ್ದರು.

ಒಂದು ಪ್ರಶ್ನೆಯನ್ನು ನಮ್ಮ ಗುಂಪಿನ ಹುಡುಗಿಯೊಬ್ಬಳು ನೇರವಾಗಿಯೇ ಕೇಳಿದಳು. ಈ ಬಣ್ಣ ಇವರೇ ಹೊಡೆಯಬಹುದಿತ್ತಲ್ಲ, ನಮ್ಮ ವಿಮಾನದ ದುಡ್ಡಿನಲ್ಲಿ ಇಂಥ ಎಷ್ಟು ಶಾಲೆಗೆ ಬಣ್ಣ ಆಗುತ್ತಿತ್ತು? ಒಳ್ಳೆಯ ಪ್ರಶ್ನೆ. ಸೇವಾ ಪ್ರವಾಸ ಹೊರಡುವ ಪ್ರತಿ ಸಭೆಯೂ ಇದನ್ನು ಕೇಳಿಕೊಳ್ಳಬೇಕು. ಬಣ್ಣಕ್ಕಾಗಿ ಮಾತ್ರ ಹೋಗುವುದಾದರೆ ಹೋಗಬಾರದು, ದುಡ್ಡು ಕಳಿಸಿದರೆ ಸಾಕು. ಅಲ್ಲಿನ ಪಾಸ್ಟರ್ ಈ ಮಾತು ಕೇಳಿಸಿಕೊಂಡು, "ನೀವು ಬಂದಿದ್ದೀರಿ ಅಂತ ಅಲ್ವಾ ನಮ್ಮ ಹುಡುಗರು ಬೆಳಗ್ಗೆ ಆರಕ್ಕೇ ಬಂದದ್ದು? ಕಳೆದ ವರ್ಷದಿಂದ ಕರೆಯುತ್ತಿದ್ದೆ" ಅಂದರು. ಜೊತೆಗೆ ಕೆಲಸ ಮಾಡುವುದಕ್ಕೂ ಒಂದು ನೆಪ ಬೇಕು. ನಾನು ಆ ಉತ್ತರವನ್ನು ಒಪ್ಪಿದೆ. ಹುಡುಗಿ ಪೂರ್ತಿ ಒಪ್ಪಲಿಲ್ಲ. ಅವಳು ಕೇಳುತ್ತಾ ಇರಲಿ ಅಂತಲೇ ನನ್ನ ಆಸೆ.

ನಾನು ಊರಿನ ಆರೋಗ್ಯ ಕೇಂದ್ರದ ಸಿಸ್ಟರ್ ಜೊತೆ ಇದ್ದೆ. ಆ ದೇಶದಲ್ಲಿ ನನಗೆ ನರ್ಸಿಂಗ್ ಪರವಾನಗಿ ಇಲ್ಲ. ಹಾಗಾಗಿ ಇಂಜೆಕ್ಷನ್ ಮುಟ್ಟುವ ಪ್ರಶ್ನೆಯೇ ಇಲ್ಲ. ಬಂದವರ ಪಕ್ಕ ಬೆಂಚಿನ ಮೇಲೆ ಕೂತೆ, ಮಗು ಎತ್ತಿಕೊಂಡೆ, ಅಜ್ಜಿಯರ ಕೈ ಹಿಡಿದೆ. ಒಬ್ಬರು ಗರ್ಭಿಣಿ ನನ್ನ ಕೈ ತೆಗೆದು ತನ್ನ ಹೊಟ್ಟೆಯ ಮೇಲಿಟ್ಟು ಪ್ರಾರ್ಥನೆ ಮಾಡು ಅಂದರು. ಕನ್ನಡದಲ್ಲೇ ಮಾಡಿದೆ. ಆಸ್ಪತ್ರೆಯಲ್ಲಿ ಮಾತ್ರೆ, ಚಾರ್ಟ್, ಡ್ರಿಪ್ ಅಂತ ಓಡುವ ನಮಗೆ ಸುಮ್ನೆ ಪಕ್ಕದಲ್ಲಿ ಕೂರುವ ಕೆಲಸ ಸಿಗುವುದೇ ಇಲ್ಲ. ಆ ದಿನ ದೇವರು ಅದನ್ನೇ ಕೊಟ್ಟರು.

ಸಿಸ್ಟರ್ ಜೊತೆ ಮಾತಾಡುವಾಗ ಅವರ ಕಷ್ಟ ತಿಳಿಯಿತು. ಜೊತೆಗೆ ಟ್ರೇನಿಂಗ್ ಮಾಡಿದವರಲ್ಲಿ ಎಷ್ಟೋ ಜನ ಇಂಗ್ಲೆಂಡಿಗೆ ಹೋದರಂತೆ. ಉಳಿದವರ ಮೇಲೆ ಕೆಲಸದ ಹೊರೆ. ನಮ್ಮ ಊರಿನ ಕಥೆಯೂ ಇದೇ ಅಂದೆ. ಮಂಗಳೂರಿನ ನರ್ಸ್‌ಗಳು ಇಲ್ಲದ ದೇಶ ಯಾವುದಿದೆ! ಇಬ್ಬರೂ ಕೈ ಕೈ ಹಿಡಿದು ನಮ್ಮ ನಮ್ಮ ವಾರ್ಡುಗಳಿಗಾಗಿ ಪ್ರಾರ್ಥಿಸಿದೆವು.

ರಾತ್ರಿ ಊಟಕ್ಕೆ ಫುಫು. ಬೇಯಿಸಿದ ಮರಗೆಣಸು, ಬಾಳೆಕಾಯಿಯನ್ನು ಒರಳಿನಲ್ಲಿ ಕುಟ್ಟಿ ಮಾಡುತ್ತಾರೆ. ಒಬ್ಬರು ಒನಕೆ ಎತ್ತಿ ಕುಟ್ಟುತ್ತಿರಬೇಕು, ಇನ್ನೊಬ್ಬರು ಮಧ್ಯೆ ಕೈ ಹಾಕಿ ಹಿಟ್ಟು ತಿರುಗಿಸುತ್ತಿರಬೇಕು. ಕಡಲೆಕಾಯಿ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು, ನಮ್ಮ ಘಟ್ಟದ ಮೇಲಿನವರು ರಾಗಿ ಮುದ್ದೆ ನುಂಗುವ ಹಾಗೆ. ಅಯ್ಯನವರು ಮಂಡ್ಯ ಕಡೆಯವರು. ಅವರು ಊಟ ಮಾಡಿದ ರೀತಿ ನೋಡಿ ಅಡುಗೆ ಮಾಡಿದ ಆಂಟಿ ಚಪ್ಪಾಳೆ ತಟ್ಟಿ ಇನ್ನೊಂದು ಹಾಕಿದರು. ಹೌದು, ಅಲ್ಲಿಯೂ ಹಿರಿಯ ಹೆಂಗಸರನ್ನು ಆಂಟಿ ಅಂತಲೇ ಕರೆಯುತ್ತಾರೆ.

ಶನಿವಾರ

ಮಕ್ಕಳ ಕೂಟಕ್ಕೆ ಟೀಚರ್ ವಾರಗಟ್ಟಲೆ ತಯಾರಿ ಮಾಡಿದ್ದರು. ಬೈಬಲ್ ಕಥೆಯ ಚಿತ್ರ, ಬಣ್ಣದ ಕಾಗದ, ಹಾಡು. ಬೆಳಗ್ಗೆ ತಿಳಿಯಿತು, ಊರಿನಲ್ಲಿ ಒಬ್ಬ ಹಿರಿಯರ ಅಂತ್ಯಕ್ರಿಯೆ. ಘಾನಾದಲ್ಲಿ ಅಂತ್ಯಕ್ರಿಯೆ ಹೆಚ್ಚಾಗಿ ಶನಿವಾರವೇ. ಅಂದ ಮೇಲೆ ಊರಿಗೆ ಊರೇ ಅಲ್ಲಿರುತ್ತದೆ. ಕೂಟ ನಿಂತಿತು. ಎಲ್ಲರೂ ಅಲ್ಲಿಗೆ ಹೋದೆವು.

ಕಪ್ಪು, ಕೆಂಪು ಬಟ್ಟೆಯಲ್ಲಿ ನೂರಾರು ಜನ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಸ್ಪೀಕರ್. ಬಂದವರು ಕೂತವರಿಗೆಲ್ಲ ಕೈ ಕೊಟ್ಟು ಆಮೇಲೆ ತಾವು ಕೂರುತ್ತಾರೆ. ಖರ್ಚಿಗೆ ಪ್ರತಿಯೊಬ್ಬರೂ ಹಣ ಕೊಡುತ್ತಾರೆ, ರಸೀದಿ ಬರೆಯುತ್ತಾರೆ, ಯಾರು ಎಷ್ಟು ಕೊಟ್ಟರು ಅಂತ ಮೈಕಿನಲ್ಲಿ ಹೇಳುತ್ತಾರೆ. ಇದು ಹೊರೆಯಾಗುತ್ತಿದೆ, ಸಾಲ ಮಾಡಿ ಅಂತ್ಯಕ್ರಿಯೆ ಮಾಡುವವರಿದ್ದಾರೆ ಅಂತ ಅಲ್ಲಿನ ಸಭೆಯವರೇ ಚಿಂತೆ ಮಾಡುತ್ತಾರೆ. ಆದರೆ ಸತ್ತವರ ಮನೆಯವರನ್ನು ಒಂಟಿಯಾಗಿ ಬಿಡಬಾರದು ಎಂಬ ಹಟ ನನಗೆ ಎದೆ ತುಂಬಿಸಿತು. ಆ ಮನೆಯ ಮಗಳು ನಮ್ಮ ಟೀಚರ್ ಪಕ್ಕ ಬಂದು ಕೂತರು. ಟೀಚರ್ ಈಚೆಗೆ ತಮ್ಮ ಗಂಡನನ್ನು ಕಳೆದುಕೊಂಡವರು. ಅವರಿಬ್ಬರೂ ಏನು ಮಾತಾಡಿಕೊಂಡರೋ ಗೊತ್ತಿಲ್ಲ, ಸಂಜೆಯವರೆಗೆ ಒಬ್ಬರ ಕೈ ಒಬ್ಬರು ಬಿಡಲಿಲ್ಲ.

ಕೂಟ ತಪ್ಪಿದ್ದಕ್ಕೆ ಟೀಚರಿಗೆ ಬೇಸರ ಆಯಿತಾ ಅಂತ ರಾತ್ರಿ ಕೇಳಿದೆ. "ಇವತ್ತು ಇದೇ ಕೂಟ" ಅಂದರು.

ಭಾನುವಾರ

ಆರಾಧನೆ ಮೂರು ಗಂಟೆಗಿಂತ ಜಾಸ್ತಿ ನಡೆಯಿತು. ಉದ್ದ ಅನಿಸಲೇ ಇಲ್ಲ. ನಿನ್ನೆಯ ಮನೆಯವರು ಕಪ್ಪು ಬಿಳುಪು ಬಟ್ಟೆಯಲ್ಲಿ ಸ್ತೋತ್ರ ಕಾಣಿಕೆ ಕೊಡಲು ಬಂದಿದ್ದರು.

ಎರಡನೆಯ ಕೀರ್ತನೆ ಶುರುವಾದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪದ ಅಲ್ಲಿಯವರ ಟ್ವಿ ಭಾಷೆಯದು. ರಾಗ ನಮ್ಮದು! ಬಾಸೆಲ್ ಮಿಷನ್ನಿನವರು ತಮ್ಮ ಜರ್ಮನ್ ರಾಗಗಳನ್ನು ಎರಡೂ ಕಡೆಗೆ ಒಯ್ದಿದ್ದರು. ನಾವು ಅದೇ ರಾಗವನ್ನು ಸುಗ್ಗಿ ಹಬ್ಬದಲ್ಲಿ ಕನ್ನಡದಲ್ಲಿ ಹಾಡುತ್ತೇವೆ. ಅಯ್ಯನವರು ಕನ್ನಡದಲ್ಲಿ ಶುರು ಮಾಡಿದರು, ನಾವೂ ಸೇರಿದೆವು. ಒಂದೇ ರಾಗ, ಎರಡು ಭಾಷೆ. ಪಕ್ಕದ ಅಜ್ಜಿ ನನ್ನ ತುಟಿ ನೋಡುತ್ತಾ ಹಾಡಿದರು. ಪಂಚಾಶತ್ತಮದ (ಪೆಂಟೆಕೋಸ್ಟ್) ದಿನ ಜೆರುಸಲೇಮಿನಲ್ಲಿ ಒಬ್ಬೊಬ್ಬರೂ ಶಿಷ್ಯರ ಮಾತನ್ನು ತಮ್ಮ ತಮ್ಮ ಭಾಷೆಯಲ್ಲಿ ಕೇಳಿದರು ಅಂತ ಓದಿದ್ದು ಕಣ್ಣ ಮುಂದೆ ನಡೆಯಿತು.

ಕಾಣಿಕೆ ಕೊಡುವ ಕ್ರಮ ನಮ್ಮ ಯುವಕರಿಗೆ ಬಹಳ ಇಷ್ಟವಾಯಿತು. ಇಲ್ಲಿ ಮಗು ಯಾವ ವಾರ ಹುಟ್ಟಿತೋ ಆ ವಾರದ ಹೆಸರೂ ಅದಕ್ಕೆ ಇರುತ್ತದೆ. ಶುಕ್ರವಾರದ ಗಂಡು ಕೋಫಿ, ಶನಿವಾರದ ಹೆಣ್ಣು ಅಮಾ. ವಾರಕ್ಕೊಂದು ಗುಂಪು ಎದ್ದು, ಕರವಸ್ತ್ರ ಬೀಸುತ್ತಾ, ಕುಣಿಯುತ್ತಾ ಹೋಗಿ ಕಾಣಿಕೆ ಹಾಕುತ್ತದೆ. ಕೊನೆಗೆ ಯಾವ ವಾರದವರು ಹೆಚ್ಚು ಕೊಟ್ಟರು ಅಂತ ಹೇಳುತ್ತಾರೆ, ಜೋರು ಚಪ್ಪಾಳೆ. ನಾನು ಗುರುವಾರ ಹುಟ್ಟಿದವಳು. ಯಾ ಅಂತ ಕರೆದು ಕೈ ಹಿಡಿದು ಎಳೆದುಕೊಂಡು ಹೋದರು. ಕೊಡುವುದರಲ್ಲಿ ಇಷ್ಟು ಸಂತೋಷ ಇರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮಲ್ಲಿ ಕಾಣಿಕೆ ಸಂಚಿ ಬರುವಾಗ ಎಲ್ಲರೂ ತಲೆ ತಗ್ಗಿಸಿರುತ್ತೇವೆ. ಅದರಲ್ಲೂ ಒಂದು ಗೌರವ ಇದೆ. ಆದರೆ ದೇವರಿಗೆ ಕೊಡುವಾಗ ಮುಖ ಅರಳಲಿ ಅಂತ ಅಪೊಸ್ತಲ ಪೌಲನೇ ಬಯಸಿದ್ದಾನೆ.

ಸೋಮವಾರ

ಅಕ್ರೊಪಾಂಗ್‌ನ ಅಕ್ರೊಫಿ-ಕ್ರಿಸ್ಟಾಲರ್ ಸಂಸ್ಥೆಗೆ ಹೋದೆವು. ದೇವಶಾಸ್ತ್ರ ಕಲಿಸುವ ಜಾಗ. ಘಾನಾದ ದೇವಶಾಸ್ತ್ರಜ್ಞ ಕ್ವಾಮೆ ಬೆದಿಯಾಕೊ ಕಟ್ಟಿದ್ದು. ಬಾಸೆಲ್ ಮಿಷನ್ನಿನ ಪಾದ್ರಿ ಕ್ರಿಸ್ಟಾಲರ್ ಇವರಿಗೆ ನಮ್ಮ ಕಿಟೆಲ್ ಇದ್ದ ಹಾಗೆ. ಕಿಟೆಲ್ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಕ್ರಿಸ್ಟಾಲರ್ ಟ್ವಿ ನಿಘಂಟು 1881ರಲ್ಲಿ. ಅದಕ್ಕೂ ಮೊದಲು 1871ರಲ್ಲಿ ಟ್ವಿ ಬೈಬಲ್ ಬಂದಿತ್ತು. ಅವರು ಮೂರು ಸಾವಿರದ ಆರುನೂರಕ್ಕೂ ಹೆಚ್ಚು ಟ್ವಿ ಗಾದೆಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಗಾದೆ ಕೂಡಿಸುವ ಪಾದ್ರಿ ಅಂದರೆ ಜನರ ಮಾತಿಗೆ ಕಿವಿ ಕೊಟ್ಟು ವರ್ಷಗಟ್ಟಲೆ ಕೂತವನು ಅಂತ ಅರ್ಥ.

ನನಗೆ ಜಾಸ್ತಿ ಮುಟ್ಟಿದ್ದು ಬೇರೆ. ಇಲ್ಲಿಯವರು ಕ್ರಿಸ್ಟಾಲರ್ ಹೆಸರು ಹೇಳಿದ ಕೂಡಲೇ ದಾವಿದ್ ಅಸಾಂತೆ, ಥಿಯೋಫಿಲಸ್ ಒಪೊಕು ಅಂತ ತಮ್ಮವರ ಹೆಸರನ್ನೂ ಹೇಳುತ್ತಾರೆ. ಆ ಬೈಬಲ್ ಅನುವಾದದಲ್ಲಿ ಜೊತೆಗೆ ದುಡಿದವರು ಅವರು. ಅಸಾಂತೆ ಇದೇ ಊರಿನವರು, ಬಾಸೆಲಿಗೆ ಹೋಗಿ ಓದಿ ಬಂದವರು. ನಮ್ಮಲ್ಲೂ ಅಂಥವರಿದ್ದರು. ಹೆರ್ಮನ್ ಆನಂದರಾವ್ ಕೌಂಡಿನ್ಯ 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಮನೆ, ಬಂಧು ಎಲ್ಲ ಬಿಟ್ಟು, ಮೋಗ್ಲಿಂಗ್ ಜೊತೆ ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ ಬಂದರು. ಮೊದಲ ಕನ್ನಡ ಪತ್ರಿಕೆ ತಂದ ಮೋಗ್ಲಿಂಗ್ ಹೆಸರು ಪತ್ರಿಕೋದ್ಯಮದವರಿಗೂ ಗೊತ್ತು. ಕೌಂಡಿನ್ಯರ ಹೆಸರು ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಗೊತ್ತಾ? ಕಿಟೆಲ್ ಪಕ್ಕ ಕೂತು ಪದಗಳನ್ನು ಹೇಳಿಕೊಟ್ಟ ನಮ್ಮವರ ಹೆಸರು? ಈ ಹೆಸರುಗಳನ್ನು ಹುಡುಕಿ ಮಕ್ಕಳಿಗೆ ಕಲಿಸುವ ಕೆಲಸ ತಮ್ಮದು ಅಂತ ಟೀಚರ್ ಅಲ್ಲೇ ಹೇಳಿಬಿಟ್ಟರು.

ಮಂಗಳವಾರ

ಶಾಲೆಯ ಬಣ್ಣ ಮುಗಿಯಿತು. ಮಕ್ಕಳ ಕೂಟವೂ ಆಯಿತು. ಮಧ್ಯೆ ಮಾಂಪಾಂಗ್‌ನಲ್ಲಿ ಟೆಟೆ ಕ್ವಾಶಿ ಎಂಬ ಕಮ್ಮಾರ 1879ರಲ್ಲಿ ಕೊಕೊ ಬೀಜ ತಂದು ನೆಟ್ಟ ತೋಟ ನೋಡಿದೆವು. ಕಮ್ಮಾರಿಕೆಯನ್ನು ಆತ ಕಲಿತದ್ದು ಬಾಸೆಲ್ ಮಿಷನ್ ಕಾರ್ಯಾಗಾರದಲ್ಲಿ. ಅದೇ ಊರಿನಲ್ಲಿ ಗಿಡಮೂಲಿಕೆ ಔಷಧಿಗಳ ಸಂಶೋಧನಾ ಕೇಂದ್ರವೂ ಇದೆ, 1975ರಲ್ಲಿ ಶುರುವಾದದ್ದು. ರೀಸ್ ಜೀವ ಉಳಿಸಿದ ಆ ಹೆಸರಿಲ್ಲದ ವೈದ್ಯ ನೆನಪಾದರು.

ಬುಧವಾರ, ಕೇಪ್ ಕೋಸ್ಟ್ ಮತ್ತು ಎಲ್ಮಿನಾ

ಬೆಳಗ್ಗೆ ಬೇಗ ಹೊರಟು ಕಡಲ ದಾರಿಯಲ್ಲಿ ಪಶ್ಚಿಮಕ್ಕೆ ಹೋದೆವು. ಅಲ್ಲಿನ ಪಾಸ್ಟರೂ ಆರೋಗ್ಯ ಕೇಂದ್ರದ ಸಿಸ್ಟರೂ ನಮ್ಮ ಜೊತೆ ಬಂದರು. ಇದನ್ನು ನೋಡದೆ ನಮ್ಮ ಸಭೆ ನಿಮಗೆ ಅರ್ಥವಾಗುವುದಿಲ್ಲ ಅಂತ ಅವರೇ ಹೇಳಿದ್ದರು.

ಕೇಪ್ ಕೋಸ್ಟ್ ಕೋಟೆ ಹೊರಗಿನಿಂದ ಸುಣ್ಣ ಬಳಿದು ಬೆಳ್ಳಗಿದೆ. ಒಳಗೆ ಗಂಡಸರ ನೆಲಮಾಳಿಗೆಗೆ ಇಳಿಜಾರಿನಲ್ಲಿ ಇಳಿಯಬೇಕು. ತುಂಬಾ ಮೇಲೆ ಒಂದು ಸಣ್ಣ ಕಿಂಡಿ. ಬೆಳಕು ಅಷ್ಟೇ, ಗಾಳಿ ಅಷ್ಟೇ. ಇಲ್ಲಿ ನೂರಾರು ಜನರನ್ನು ಸರಪಳಿ ಹಾಕಿ, ಹಡಗು ಬರುವವರೆಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಹಾಕುತ್ತಿದ್ದರು. ಕಾಲ ಕೆಳಗಿನ ನೆಲ ಕಲ್ಲಲ್ಲ, ಅವರ ಮಲ, ರಕ್ತ, ಬೆವರು ಗಟ್ಟಿಯಾದ ಪದರ ಅಂತ ಗೈಡ್ ಹೇಳಿದರು. ನಾನು ಬಹಳ ಸಾವು ನೋಡಿದವಳು. ಅಲ್ಲಿ ನನ್ನ ಕಾಲು ನಿಲ್ಲಲಿಲ್ಲ.

ಹೊರಗೆ ಬಂದ ಮೇಲೆ ಗೈಡ್ ಮೇಲೆ ಕೈ ತೋರಿಸಿದರು. ಆ ನೆಲಮಾಳಿಗೆಯ ನೇರ ಮೇಲೆ ಇದ್ದದ್ದು ಚರ್ಚು.

ಮೇಲೆ ಕೀರ್ತನೆ, ಕೆಳಗೆ ನರಳಾಟ. ಆ ಚರ್ಚಿನ ಪಾದ್ರಿಗಳಲ್ಲಿ ಒಬ್ಬರು ಫಿಲಿಪ್ ಕ್ವಾಕು. ಇದೇ ಊರಿನ ಆಫ್ರಿಕದವರು. ಹುಡುಗನಾಗಿದ್ದಾಗ ಲಂಡನ್ನಿಗೆ ಹೋಗಿ 1765ರಲ್ಲಿ ಆಂಗ್ಲಿಕನ್ ಪಾದ್ರಿಯಾದರು. ಆ ಸಭೆಯಲ್ಲಿ ಪಾದ್ರಿ ಅಭಿಷೇಕ ಪಡೆದ ಮೊದಲ ಆಫ್ರಿಕನ್. ಮರುವರ್ಷ ವಾಪಸ್ ಬಂದು 1816ರಲ್ಲಿ ಸಾಯುವವರೆಗೂ ಇಲ್ಲೇ ಇದ್ದರು. ಬ್ರಿಟಿಷರು ಗುಲಾಮರ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ. ಅಂದರೆ ನಲವತ್ತು ವರ್ಷ ಅವರು ಆ ನೆಲಮಾಳಿಗೆಯ ಮೇಲೆ ನಿಂತು ದೇವರ ವಾಕ್ಯ ಓದಿದರು. ಅವರ ಸಮಾಧಿ ಕೋಟೆಯ ಅಂಗಳದಲ್ಲಿದೆ. ಅವರನ್ನು ತೀರ್ಪು ಮಾಡುವ ಹಕ್ಕು ನನಗಿಲ್ಲ. ಆದರೆ ಆ ಸಮಾಧಿಯ ಮುಂದೆ ನಿಂತು ನಾನು ಕರ್ತನನ್ನು ಕೇಳಿದ್ದು ಇಷ್ಟೇ. ಅವರಿಗೆ ಕೆಳಗಿನ ಸದ್ದು ಕೇಳಿಸಿದ್ದಿರಬೇಕಲ್ವಾ?

ಹತ್ತಿರದ ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು 1482ರಲ್ಲಿ ಕಟ್ಟಿದರು. ಆಮೇಲೆ ಡಚ್ಚರು ಹಿಡಿದರು. ಅವರು ಪ್ರಾರ್ಥನೆ ಮಾಡುತ್ತಿದ್ದ ಕೋಣೆಯ ಬಾಗಿಲ ಮೇಲೆ 132ನೇ ಕೀರ್ತನೆಯ ಒಂದು ಸಾಲು ಡಚ್ ಭಾಷೆಯಲ್ಲಿದೆ. ಚೀಯೋನ್ ಕರ್ತನ ವಿಶ್ರಾಂತಿಯ ಜಾಗ, ಎಂದೆಂದಿಗೂ ಅಂತ. ಅದೇ ಕೋಟೆಯೊಳಗೆ ಹೆಂಗಸರ ಕತ್ತಲೆ ಕೋಣೆಗಳು. ಜಾಕೋಬಸ್ ಕ್ಯಾಪಿಟೈನ್ ಇಲ್ಲಿ ಪಾದ್ರಿಯಾಗಿದ್ದರು. ಬಾಲ್ಯದಲ್ಲಿ ಸ್ವತಃ ಗುಲಾಮನಾಗಿ ಮಾರಾಟವಾದವರು. ಹಾಲೆಂಡಿನಲ್ಲಿ ಓದಿ, ಗುಲಾಮಗಿರಿಗೂ ಕ್ರೈಸ್ತ ಸ್ವಾತಂತ್ರ್ಯಕ್ಕೂ ವಿರೋಧ ಇಲ್ಲ ಅಂತ 1742ರಲ್ಲಿ ಪ್ರಬಂಧ ಬರೆದರು. ಐದು ವರ್ಷದಲ್ಲಿ ಇಲ್ಲೇ ತೀರಿಕೊಂಡರು.

ಕೇಪ್ ಕೋಸ್ಟ್ ಕೋಟೆಯಲ್ಲಿ ಕಡಲಿಗೆ ತೆರೆಯುವ ಒಂದು ಬಾಗಿಲಿದೆ. ಮರಳಿ ಬಾರದ ಬಾಗಿಲು ಅನ್ನುತ್ತಾರೆ. ಈ ತೀರದ ಇಂಥ ಬಾಗಿಲುಗಳಿಂದ ಹೋದವರಲ್ಲಿ ಬಹಳ ಜನ ಜಮೈಕಾ ಸೇರಿದರು. 1998ರಲ್ಲಿ ಜಮೈಕಾದಿಂದಲೂ ಅಮೆರಿಕದಿಂದಲೂ ಇಬ್ಬರು ಗುಲಾಮರ ಅಸ್ಥಿಗಳನ್ನು ತಂದು ಆ ಬಾಗಿಲಿನಿಂದಲೇ ಒಳಗೆ ಕರೆದುಕೊಂಡರು. ಈಗ ಅದರ ಹೊರಬದಿಯಲ್ಲಿ ಮರಳಿ ಬರುವ ಬಾಗಿಲು ಅಂತ ಬರೆದಿದೆ. ಅದಕ್ಕೂ ನೂರೈವತ್ತು ವರ್ಷ ಮೊದಲೇ, 1843ರಲ್ಲಿ, ಆ 24 ಜನ ಮರಳಿ ಬಂದಿದ್ದರು. ಇಂಥ ಚರ್ಚುಗಳು ಶತಮಾನಗಟ್ಟಲೆ ಈ ತೀರದಲ್ಲಿದ್ದವು. ಅವುಗಳಿಂದ ಆಗದ್ದು ಅವರಿಂದ ಆಯಿತು. ಸರಪಳಿಯ ಗಾಯ ಇದ್ದ ಕೈಗಳು ತಂದ ಪುಸ್ತಕವನ್ನು ಅಕ್ರೊಪಾಂಗ್ ಜನ ನಂಬಿದರು. ಕರ್ತನು ಸಂಶಯಪಟ್ಟ ಶಿಷ್ಯ ತೋಮನಿಗೆ ತೋರಿಸಿದ್ದೂ ಗಾಯವನ್ನೇ ಅಲ್ವಾ?

ವಾಪಸ್ ಬರುವಾಗ ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ. ಕತ್ತಲಾದ ಮೇಲೆ ಅಲ್ಲಿನ ಸಿಸ್ಟರ್ ನನ್ನನ್ನು ಕೇಳಿದರು, "ನಿಮ್ಮ ಚರ್ಚಿನ ಕೆಳಗೆ ಏನಿದೆ?" ಅವರು ನಮ್ಮ ನಾಡಿನ ಬಗ್ಗೆ ತಿಳಿಯಲು ಕೇಳಿದ್ದು. ನಾನು ಜಾತಿಯ ವಿಷಯ ಹೇಳಿದೆ. ಬಾಸೆಲ್ ಮಿಷನ್ನಿನವರು ಸಭೆಯೊಳಗೆ ಜಾತಿ ಇಟ್ಟುಕೊಳ್ಳಲು ಬಿಡಲಿಲ್ಲ, ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಅದಕ್ಕಾಗಿ ನಮ್ಮ ಹಿರಿಯರು ಬಹಳ ಕಷ್ಟಪಟ್ಟರು. ಆದರೂ ಇವತ್ತಿಗೂ ಮಕ್ಕಳ ಮದುವೆ ಮಾತು ಬಂದಾಗ ಮೂಲ ಯಾವುದು ಅಂತ ಮೆಲ್ಲಗೆ ವಿಚಾರಿಸುವ ವಿಶ್ವಾಸಿಗಳಿದ್ದಾರೆ. ಬೇರೆ ಕಡೆ ಬೇರೆ ಬೆಂಚು, ಬೇರೆ ಸ್ಮಶಾನ ಇರುವ ಊರುಗಳೂ ನಮ್ಮ ದೇಶದಲ್ಲಿವೆ. ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟಿತು.

ಗುರುವಾರ

ಕೊನೆಯ ಸಂಜೆ ಪ್ರಾರ್ಥನಾ ಕೂಟ. ಘಾನಾದವರು ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ, ಎದ್ದು ಓಡಾಡಿಕೊಂಡು ಪ್ರಾರ್ಥಿಸುತ್ತಾರೆ. ನಾವು ಶಾಂತವಾಗಿ ಕೂತು ಪ್ರಾರ್ಥಿಸುವವರು. ಇಬ್ಬರೂ ಅವರವರ ಹಾಗೆಯೇ ಮಾಡಿದೆವು.

ಪ್ರಾರ್ಥನಾ ವಿಷಯಗಳನ್ನು ಬರೆದುಕೊಂಡೆ. ಅವರು ಕೇಳಿದ್ದು ಇವು. ಅಕ್ರಮ ಚಿನ್ನದ ಗಣಿಗಾರಿಕೆಯಿಂದ ಬಿರಿಮ್ ನದಿ ಕೆಸರಾಗಿದೆ, ನೀರಿಗೆ ಪಾದರಸ ಸೇರುತ್ತಿದೆ, ಅದು ನಿಲ್ಲಬೇಕು. ಪರದೇಶಕ್ಕೆ ಹೋಗುವ ಯುವಕರು ದಾರಿಯಲ್ಲಿ ಮೋಸ ಹೋಗಬಾರದು. ಕೊಕೊ ಬೆಳೆಯುವವರಿಗೆ ಸರಿಯಾದ ಬೆಲೆ ಸಿಗಬೇಕು. ಆರೋಗ್ಯ ಕೇಂದ್ರಕ್ಕೆ ಇನ್ನೊಬ್ಬರು ನರ್ಸ್ ಬೇಕು.

ನಿಮ್ಮದು ಹೇಳಿ ಅಂದರು. ಅಯ್ಯನವರು ನನ್ನ ಕಡೆ ನೋಡಿದರು. ವ್ಯಾನಿನಲ್ಲಿ ಹೇಳಿದ್ದನ್ನೇ ಎಲ್ಲರ ಮುಂದೆ ಹೇಳಿದೆ. ಒಬ್ಬ ವಯಸ್ಸಾದ ಪ್ರೆಸ್ಬಿಟರ್ (ಸಭೆಯ ಹಿರಿಯರು) ಅಮ್ಮ ಎದ್ದು ಬಂದು ನನ್ನ ತಲೆಯ ಮೇಲೆ ಎರಡೂ ಕೈ ಇಟ್ಟು ಟ್ವಿಯಲ್ಲಿ ತುಂಬಾ ಹೊತ್ತು ಪ್ರಾರ್ಥಿಸಿದರು. ಏನು ಹೇಳಿದರು ಅಂತ ಸಿಸ್ಟರ್ ಆಮೇಲೆ ಇಂಗ್ಲಿಷಿನಲ್ಲಿ ತಿಳಿಸಿದರು. ಮಂಗಳೂರಿನ ಹೆಣ್ಣುಮಕ್ಕಳಿಗಾಗಿ ಕೇಳಿದರಂತೆ, ಮಕ್ಕಳ ಮದುವೆ ಮಾತಾಡುವ ಅಮ್ಮಂದಿರಿಗೆ ಧೈರ್ಯ ಕೊಡು ಅಂತ.

ಮುಂದಿನ ಸ್ತ್ರೀ ಸಮಾಜದ ಕೂಟದಲ್ಲಿ ಪ್ರವಾಸದ ವರದಿ ನಾನು ಕೊಡಬೇಕು. ಅವರ ನಾಲ್ಕು ವಿಷಯಗಳ ಜೊತೆ ಇದನ್ನೂ ಬರೆದಿದ್ದೇನೆ. ಐದನ್ನೂ ಓದುತ್ತೇನೆ.